ತ್ರಿಕೋನ ಗಣರಾಜ್ಯದ ಮೊದಲ ಚುನಾವಣೆ

ಮಾಬ್ಲೇಶ್ವರನಿಗೆ ದೇಶ ಕಟ್ಟುವ ಆಸೆಯೇನೂ ಇರಲಿಲ್ಲ. ಬೇಕಾಗಿದ್ದದ್ದು ಒಂದು ನಲ್ಲಿ. ರಿಕ್ಷಾಕ್ಕೆ ಮೈಕು ಕಟ್ಟಿಕೊಂಡು ಹೊನ್ನಾವರದಿಂದ ಕುಮಟೆಯವರೆಗೆ ಯಕ್ಷಗಾನ, ವಾಲಿಬಾಲ್ ಪಂದ್ಯ, ಸೀರೆ ಸೇಲು ಎಂದು ಕೂಗುವುದು ಅವನ ಕಸುಬು. ಹೆದ್ದಾರಿ ಅಗಲವಾದಾಗ ಅವನ ಮನೆ ಹೊಸ ರಸ್ತೆಗೂ ಹಳೆ ರಸ್ತೆಗೂ ನಡುವೆ ಮೂರು ಮೂಲೆಯ ತುಂಡು ನೆಲದಲ್ಲಿ ಸಿಕ್ಕಿಬಿತ್ತು. ನಲ್ಲಿ ಕೇಳಲು ಹೋದರೆ ಈ ಪಂಚಾಯ್ತಿಯವರು "ನೀವು ಅವರ ಕಡೆ" ಎಂದರು, ಆ ಪಂಚಾಯ್ತಿಯವರು "ನೀವು ಇವರ ಕಡೆ" ಎಂದರು.

ತಲೆಕೆಟ್ಟು ಮನೆಗೆ ಬಂದವನೇ ಮೈಕು ಹಿಡಿದ. "ಮಹನೀಯರೇ, ಯಾರಿಗೂ ಬೇಡವಾದ ಈ ಜಾಗ ಈ ಕ್ಷಣದಿಂದ ಸ್ವತಂತ್ರ ತ್ರಿಕೋನ ಗಣರಾಜ್ಯ!" ತನ್ನ ಚೌಕಳಿ ಲುಂಗಿಯನ್ನು ಕಾಯಿ ಕೊಯ್ಯುವ ದೋಟಿಯ ತುದಿಗೆ ಕಟ್ಟಿ ಬಾವುಟ ಏರಿಸಿದ. ಹೆಂಡತಿ ರೇಖಾ, ತಾಯಿ ಗಂಗೆ, ಇಬ್ಬರೇ ಪ್ರಜೆಗಳು. ಲಾರಿಯವರು ನಿಲ್ಲಿಸಿ ಫೋಟೋ ತೆಗೆದರು. ಮೀನಿನವಳು ಗಡಿಯಲ್ಲಿ ಬುಟ್ಟಿ ಇಳಿಸಿ, "ಬಂಗಡೆಗೂ ಪಾಸ್‌ಪೋರ್ಟ್ ಬೇಕಾ?" ಎಂದಳು. ಮಾಬ್ಲ ಗಂಭೀರವಾಗಿ ಯೋಚಿಸಿ ಬಂಗಡೆಗೆ ವಿನಾಯಿತಿ ಕೊಟ್ಟ.

ಕೆಟ್ಟದ್ದು ಮೊದಲ ಕಾನೂನಿನಿಂದ. ಹಲಸಿನ ಕೊಂಬೆಯ ಜಗಳದಲ್ಲಿ ಮಾತು ಬಿಟ್ಟಿದ್ದ, ಹಳೆ ರಸ್ತೆಯಾಚೆಯ ನೆರೆಮನೆ ಬೊಮ್ಮಯ್ಯನಿಗೆ ಆಜೀವ ಪ್ರವೇಶ ನಿಷೇಧಿಸಿದ. ಅವನ ಬಾವಿಗೆ ಹೋಗುವುದು ದೇಶದ್ರೋಹ ಎಂದೂ ಸಾರಿದ. ಆಸುಪಾಸಿನಲ್ಲಿ ಸಿಹಿನೀರಿದ್ದದ್ದು ಅದೊಂದೇ ಬಾವಿಯಲ್ಲಿ.

ರೇಖಾ ಖಾಲಿ ಕೊಡ ಕುಕ್ಕಿದಳು. "ಇಲೆಕ್ಷನ್ ಎಲ್ಲಿ?"

"ಎಂತ ಇಲೆಕ್ಷನ್?"

"ರಾಜ್ಯ ಅಂದಿದ್ರೆ ನೀವೇ ರಾಜ. ಗಣರಾಜ್ಯ ಅಂತ ಕೂಗಿದ್ರಲ್ಲ!"

ಮೈಕಿನಲ್ಲಿ ಆಡಿದ ಮಾತನ್ನು ಮಾಬ್ಲ ಎಂದೂ ಹಿಂದೆ ತೆಗೆದುಕೊಂಡವನಲ್ಲ. ಪ್ರಚಾರ ಶುರುವಾಯಿತು. ಅವನು ಮನೆಯ ಸುತ್ತ ರಿಕ್ಷಾ ಓಡಿಸುತ್ತ ವಿಮಾನ ನಿಲ್ದಾಣದ ಭರವಸೆ ಕೊಟ್ಟ. ರೇಖಾ ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದಳು. ಅವನಿಗೆ ಹಾಕುವ ಮತಕ್ಕೆ ಹುಣಸೆಬೀಜ, ಅವಳಿಗೆ ಹಾಕುವುದಕ್ಕೆ ಕಲ್ಲು. ಅನ್ನದ ಪಾತ್ರೆಯೇ ಮತಪೆಟ್ಟಿಗೆ.

"ಮತ ಗುಪ್ತ ಅಮ್ಮಾ, ಯಾರಿಗೂ ಹೇಳ್ಬೇಡ," ಎಂದ ಮಾಬ್ಲ.

"ಆತು," ಎಂದಳು ಗಂಗೆ. "ರೇಖಂಗೆ ಹಾಕಿದೆ ಅಂತ ಸತ್ರೂ ಹೇಳುದಿಲ್ಲ."

ಸೋತದ್ದಕ್ಕಿಂತ ಹೆತ್ತವಳೇ ಕೈಬಿಟ್ಟದ್ದು ಅವನಿಗೆ ಉರಿಯಿತು. ಪ್ರಧಾನಿ ರೇಖಾ ನಿಷೇಧ ತೆಗೆದು, ಬೊಮ್ಮಯ್ಯನ ಬಳಿ ನೀರು ಕೇಳಿದಳು. ವಿರೋಧಪಕ್ಷದ ನಾಯಕ ಮಾಬ್ಲ ಸಭಾತ್ಯಾಗ ಮಾಡಿ, ಹಳೆ ರಸ್ತೆ ದಾಟಿ ಭಾರತಕ್ಕೆ ಹೋಗಿ ಬಿಸಿಲಲ್ಲಿ ನಿಂತ. ಯಾರೂ ಕರೆಯಲಿಲ್ಲ.

ಅಷ್ಟರಲ್ಲಿ ಬೊಮ್ಮಯ್ಯ ತನ್ನ ಬಾವಿಯ ಪಂಪಿನಿಂದ ಪೈಪು ಎಳೆದು ತಂದ. ರಸ್ತೆಯಡಿಯ ಮೋರಿಯಲ್ಲಿ ಅದು ಸಿಕ್ಕಿಕೊಂಡಿತು. "ಏ ಮಾಬ್ಲಾ, ನಾ ಆಚೆ ಬದಿಗೆ ಹೋಗಿ ಜಗ್ತೆ. ನೀ ಇಂಡಿಯಾದಿಂದ ದೂಡು ಮಾರಾಯಾ!"

"ನಾ ವಿರೋಧಪಕ್ಷ."

"ಆತು, ವಿರೋಧಪಕ್ಷವೇ ದೂಡ್ಲಿ."

ಎಷ್ಟೋ ವರ್ಷದ ಮೇಲೆ ಬೊಮ್ಮಯ್ಯನ ಬಾಯಲ್ಲಿ ತನ್ನ ಹೆಸರು ಕೇಳಿದ್ದ. ಮಾಬ್ಲ ಬೋರಲು ಮಲಗಿ ಪೈಪು ದೂಡಿದ. ಅತ್ತ ಅಂಗಳದಲ್ಲಿ ಪೈಪು ಕೆಮ್ಮಿತು, ಕೆಸರು ಉಗುಳಿತು, ಆಮೇಲೆ ನೀರು. ಗಂಗೆ ಬೊಗಸೆಯೊಡ್ಡಿದಳು. ಮೈಯೆಲ್ಲ ರಾಡಿಯಾದ ಮಾಬ್ಲ ಗಡಿ ದಾಟಿ ಬಂದು ಹೊಟ್ಟೆ ತುಂಬ ಕುಡಿದ.

"ಮುಂದಿನ ಚುನಾವಣೆ ಯಾವಾಗ?" ಎಂದ ಬಾಯೊರೆಸಿಕೊಳ್ಳುತ್ತ.

"ಮೊದ್ಲು ಹಂಡೆ ತುಂಬ್ಸಿ," ಎಂದಳು ಪ್ರಧಾನಿ.