ಬಿಸಿಲಿನ ಮಾತು

ಫೋನು ಎರಡನೇ ಸಲ ಬಡಕೊಂಡಾಗಲೂ ಲಾಂಡ್ರಿ ಅಕ್ಕ ತೊಟ್ಟಿಯಿಂದ ಕೈ ತೆಗೆಯಲಿಲ್ಲ. ಕಿಟಕಿಯ ಕಟ್ಟೆ ಮೇಲೆ ಅದು ಗುರ್‌ಗುಟ್ಟುತ್ತಾ ತಾನೇ ತಾನಾಗಿ ಅಂಚಿನವರೆಗೆ ತೆವಳಿ, ಇನ್ನೇನು ಬಿದ್ದೇಬಿಡುತ್ತದೆ ಅನ್ನುವಾಗ ಸುಮ್ಮನಾಯಿತು. ಬಿದ್ದಿದ್ದರೇ ಚೆನ್ನಾಗಿತ್ತು ಅಂದುಕೊಂಡಳು ಅವಳು.

"ಕಿವಿಗೇನೂ ಆಗಿಲ್ಲ ತಾನೇ?"

ಬಾಗಿಲಲ್ಲಿ ಹಲ್ಲಿನ ಡಾಕ್ಟರು ನಿಂತಿದ್ದರು. ಬಿಳಿ ಕೋಟಿನ ಮೇಲೇ ಸ್ವೆಟರು ಏರಿಸಿಕೊಂಡು, ಕ್ಲಿನಿಕ್ಕನ್ನು ಅರ್ಧಕ್ಕೇ ಬಿಟ್ಟು ಓಡಿಬಂದವರ ಹಾಗಿದ್ದರು.

"ಗಂಟಣ್ಣ ಪಾಪ ದಿನಾ ಮಾಡಿ ಮಾಡಿ ಸೋತ. ಎತ್ತಬಾರದಾ?"

"ಕೈ ಒದ್ದೆ."

"ನಿಮ್ಮ ಕೈ ಯಾವತ್ತು ಒಣಗಿತ್ತು ಅಂತ!"

ಗಂಟಣ್ಣ ಅನ್ನೋದು ಅಕ್ಕನೇ ಇಟ್ಟ ಹೆಸರು. ಆ ಮನುಷ್ಯನ ನಿಜವಾದ ಹೆಸರಿಗೆ ಅವಳ ನಾಲಗೆ ಹೊರಳುತ್ತಿರಲಿಲ್ಲ. ಯುದ್ಧ ಶುರುವಾದ ಮೇಲೆ ಎರಡು ದೇಶಗಳ ನಡುವಿನ ಫೋನು ಕತ್ತರಿಸಿ ಹೋಗಿತ್ತು. ಆದರೆ ಗಡಿಯ ಗೆರೆ ಎಳೆದವರು ಅದನ್ನು ಭಾಷೆಯ ಮೇಲೂ ಎಳೆಯೋದಕ್ಕೆ ಮರೆತಿದ್ದರು. ಆಚೆ ಊರಿನವರೂ ಇವರ ಮಾತನ್ನೇ ಆಡುತ್ತಿದ್ದರು, ಸ್ವಲ್ಪ ಎಳೆದು ಆಡುತ್ತಿದ್ದರು ಅಷ್ಟೇ. ಹಾಗಾಗಿ ಯುದ್ಧ ಬೇಡ ಅನ್ನುವ ಹತ್ತಾರು ದೇಶದ ಜನ ಸೇರಿ ಒಂದು ಉಪಾಯ ಮಾಡಿದರು. ಈಚೆಯ ಒಬ್ಬರಿಗೆ ಆಚೆಯ ಒಬ್ಬರು ಜೋಡಿ. ದಿನಕ್ಕೊಮ್ಮೆ ಮಾತಾಡಬೇಕು, ಬದುಕಿದ್ದೀರಾ ಅಂತ ಕೇಳಬೇಕು. ಯುದ್ಧಕ್ಕೆ ಸಂಬಂಧವೇ ಇಲ್ಲದ ದೂರದ ದೇಶವೊಂದರಲ್ಲಿ ಕೂತ ನಿವೃತ್ತ ಬಸ್ ಡ್ರೈವರ್ ಒಬ್ಬ ಎರಡೂ ಕಡೆಗೆ ಫೋನು ಹಚ್ಚಿ ಗಂಟು ಹಾಕಿಕೊಡುತ್ತಿದ್ದ. ಅವನೇ ಗಂಟಣ್ಣ. ಭಾಷೆಯ ಒಂದಕ್ಷರ ಬಾರದು. ಶುರುವಿಗೆ "ಹಲೋ ಹಲೋ", ಕೊನೆಗೆ "ಬೈ ಬೈ", ನಡುವೆ ಅವನ ಬೆಕ್ಕಿನದೊಂದು ಮಾತು.

ಈ ಊರಿನ ಜೋಡಿಗಳ ಉಸ್ತುವಾರಿ ಹಲ್ಲಿನ ಡಾಕ್ಟರದು. ಅಕ್ಕ ಇದಕ್ಕೆ ಸೇರಿದ್ದೂ ಅವರ ಕುರ್ಚಿಯಲ್ಲೇ, ದವಡೆ ಹಲ್ಲು ಕೀಳಿಸಿಕೊಂಡ ದಿನ. ಆಸ್ಪತ್ರೆಯ ಬಟ್ಟೆಯೆಲ್ಲ ಒಗೆಯಲು ಅವಳಲ್ಲಿಗೇ ಬರುತ್ತಿತ್ತು. "ಬಿಸಿನೀರು ಹಾಕಿದ್ರೆ ರಕ್ತ ಕೂತುಬಿಡುತ್ತೆ ಡಾಕ್ಟ್ರೇ, ತಣ್ಣೀರೇ ಆಗಬೇಕು. ಈ ಚಳಿಯಲ್ಲಿ ನನ್ನ ಬೆರಳು ನೋಡಿ. ಎಲ್ಲ ಇಪ್ಪತ್ತರ ಹುಡುಗರ ರಕ್ತ. ಯಾರಿಗಾದ್ರೂ ಬೈಬೇಕು, ಯಾರಿಗೆ ಬೈಲಿ?" ಅಂತ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೇಳಿದ್ದಳು. ಬೈಯೋದಕ್ಕೆ ಯಾರೂ ಸಿಗಲಿಲ್ಲ, ಮಾತಾಡೋದಕ್ಕೆ ಒಬ್ಬಳು ಸಿಕ್ಕಳು. ಆಚೆಯವಳದು ಬ್ರೆಡ್ಡಿನ ಅಂಗಡಿ. ಇಬ್ಬರದೂ ವಟವಟ ಬಾಯಿ. ಮೊದಲ ವಾರದಲ್ಲೇ ಏಕವಚನಕ್ಕಿಳಿದಿದ್ದರು. "ಏನಂತಾಳೆ ನಿನ್ನ ಆಚೆಮನೆ ಸವತಿ?" ಅಂತ ತಂಗಿ ಛೇಡಿಸುತ್ತಿದ್ದಳು.

ಮೂರು ನಿಯಮ ಇದ್ದವು. ಜಾಗದ ಹೆಸರು ಹೇಳಬಾರದು. ಸೈನ್ಯದ ಮಾತು ಎತ್ತಬಾರದು. ಹವೆಯ ಸುದ್ದಿ ಆಡಬಾರದು. ಪರದೆಯ ಮೇಲೆ ಪುಟ್ಟ ಪುಟ್ಟ ಚೌಕಗಳಲ್ಲಿ ಎಲ್ಲ ದೇಶದವರೂ ಕೂತಿದ್ದ ಮೊದಲ ಸಭೆಯಲ್ಲೇ ಅಕ್ಕ ಕೈಯೆತ್ತಿ, "ಮಳೆ ಬಿಸಿಲು ಬಿಟ್ಟರೆ ಗುರುತಿಲ್ಲದವರ ಹತ್ರ ಮಾತು ಶುರು ಮಾಡೋದಾದ್ರೂ ಹೇಗ್ರೀ?" ಅಂದಿದ್ದಳು. ಅದು ಒಂದೊಂದೇ ಭಾಷೆಗೆ ದಾಟುತ್ತಾ ಹೋದ ಹಾಗೆ ಒಂದೊಂದೇ ಚೌಕ ನಕ್ಕಿತ್ತು.

ಆಮೇಲೆ ಮಂಜು ಕವಿಯಿತು. ಎದುರು ಮನೆ ಕಾಣದಷ್ಟು ಮಂಜು. ಮಂಜಿನಲ್ಲಿ ವಿಮಾನ ಬರೋದಿಲ್ಲ ಅಂತ ಊರಿಗೆ ಊರೇ ನೆಮ್ಮದಿಯಾಗಿ ಮಲಗಿತು. ಅಕ್ಕನಿಗೆ ಮಾತ್ರ ಸಂಕಟ. ಕರೆಂಟು ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಒಣಗಿಸುವ ಯಂತ್ರ ಸುಮ್ಮನೆ ನಿಂತಿತ್ತು. ಕುರ್ಚಿ, ಬಾಗಿಲು, ಮಂಚದ ಕಾಲು, ಎಲ್ಲೆಲ್ಲೂ ಒದ್ದೆ ಬೆಡ್‌ಶೀಟು. ಆಸ್ಪತ್ರೆಯವರು ಬೆಳಗ್ಗೆ ಸಂಜೆ ಹೇಳಿ ಕಳಿಸುತ್ತಿದ್ದರು. ಹಾಗಿರುವಾಗ ಒಂದು ಬೆಳಗ್ಗೆ ಮಂಜು ಕರಗಿತು. ಅಕ್ಕ ಇದ್ದಬದ್ದ ಶೀಟನ್ನೆಲ್ಲ ತಾರಸಿಗೆ ಹೊತ್ತು, ಹಗ್ಗಕ್ಕೆ ಹರಡಿ, ಸೊಂಟಕ್ಕೆ ಕೈಯಿಟ್ಟು ನಿಂತಳು. ಆಗಲೇ ಫೋನು ಬಂದದ್ದು.

"ಅಯ್ಯೋ ಕೇಳೇ, ಕೊನೆಗೂ ಬಿಸಿಲು ಬಂತು! ಮಧ್ಯಾಹ್ನದೊಳಗೆ ಎಲ್ಲ ಗರಿಗರಿ!"

ಅಂದಮೇಲೆ ನಾಲಗೆ ಕಚ್ಚಿಕೊಂಡಳು. ಆಚೆಯವಳು ನಕ್ಕಳು. ಇವಳೂ ನಕ್ಕಳು.

ಶೀಟುಗಳ ಅಂಚು ಇನ್ನೂ ಹಸಿಯಿರುವಾಗಲೇ ವಿಮಾನಗಳು ಬಂದವು. ರೈಲ್ವೆ ಯಾರ್ಡಿನ ಮೇಲೆ ಬಾಂಬು ಹಾಕಿದರು. ಅಲ್ಲಿ ಬೋಗಿಗಳ ಕೊಂಡಿ ಜೋಡಿಸುವ ಕೆಲಸ ತಂಗಿಯ ಗಂಡನದು. ಜೊತೆಗಿದ್ದವರು ಉಳಿಯಲಿಲ್ಲ, ಅವನು ಉಳಿದ, ಎಡಗಾಲು ಮೊಣಕಾಲಿನ ಮೇಲಿನವರೆಗೆ ಹೋಯಿತು. ಅವತ್ತಿನಿಂದ ಅಕ್ಕ ಫೋನು ಎತ್ತಿರಲಿಲ್ಲ.

"ನೋಡಿ," ಡಾಕ್ಟರು ಒದ್ದೆ ನೆಲ ತಪ್ಪಿಸಿ ಒಳಗೆ ಬಂದರು. "ಎಷ್ಟು ಸಲ ಹೇಳಲಿ? ಅವರಿಗೆ ಆಕಾಶದಲ್ಲೇ ಕಣ್ಣಿದೆ. ಮೇಲಿಂದ ನಿಮ್ಮ ಹಗ್ಗದ ಕ್ಲಿಪ್ಪು ಸಮೇತ ಕಾಣುತ್ತೆ. ಬಿಸಿಲು ಬಂತಾ ಇಲ್ಲವಾ ಅಂತ ನಿಮ್ಮನ್ನ ಕೇಳಬೇಕಾ ಅವರು?"

"ಹಾಗಾದ್ರೆ ಆ ನಿಯಮ ಯಾಕೆ ಮಾಡಿದ್ರಿ?"

ಡಾಕ್ಟರು ಬಾಯಿ ತೆರೆದರು. ಊರಿನವರ ಬಾಯನ್ನೆಲ್ಲ ತೆರೆಸಿ ನೋಡಿದ ಮನುಷ್ಯ, ತನ್ನ ಬಾಯನ್ನು ತೆರೆದಷ್ಟೇ ಮೆಲ್ಲಗೆ ಮುಚ್ಚಿಕೊಂಡರು.

"ಹೇಳಿ ಡಾಕ್ಟ್ರೇ. ಸುಮ್ಮನೆ ಮಾಡಿದ್ರಾ?"

"ಸುಮ್ಮನೆ ಮಾಡಲಿಲ್ಲ," ಅಂದರು. ಬಾಗಿಲ ಕಡೆ ತಿರುಗಿ, "ಮತ್ತೆ ಫೋನು ಬರುತ್ತೆ. ಎತ್ತೋದು ಬಿಡೋದು ನಿಮ್ಮಿಷ್ಟ. ಆಕೆ ದಿನಾ ಅತ್ತುಕೊಂಡು ಕೇಳ್ತಾಳಂತೆ, ಇದಾಳಾ ಅಂತ," ಅಂದು ಹೋದರು.

ಬಂತು. ಅಕ್ಕ ಈ ಸಲ ಬೆರಳ ಗೆಣ್ಣಿನಿಂದ ಪರದೆಯನ್ನು ಒತ್ತಿದಳು. ಅವಳ ಫೋನು ಯಾವಾಗಲೂ ಗಟ್ಟಿಯಾಗಿ ಕೇಳಿಸುವ ಹಾಗೇ ಇರುತ್ತಿತ್ತು. ಸೋಪಿನ ಕೈಯವರು ಫೋನನ್ನು ಕಿವಿಗೆ ಹಿಡಿಯೋದುಂಟೇ?

"ಹಲೋ ಹಲೋ," ಅಂದ ಗಂಟಣ್ಣ. ಕೊಂಡಿ ಬಿದ್ದ ಸದ್ದಾಯಿತು.

"ಇದ್ದೀಯೇನೇ?" ಅಂದಳು ಆಚೆಯವಳು. "ಪಾಪಿ, ಒಂದು ಸಲ ಎತ್ತಿ ಉಸಿರು ಬಿಟ್ಟಿದ್ರೂ ಸಾಕಿತ್ತಲ್ಲೇ. ನಿನಗಾಗಿ ಅತ್ತೂ ಮುಗಿಸಿದ್ದೆ."

"ಇದ್ದೀನಿ."

"ಇದೇನು ದನಿ ಹೀಗೆ?"

"ಒಂದು ಕೇಳ್ತೀನಿ. ನನ್ನ ಸಮಾಧಾನಕ್ಕೆ ಅಂತ ಸುಳ್ಳು ಹೇಳಬೇಡ. ಅವತ್ತು ಬಿಸಿಲು ಬಂತು ಅಂದೆನಲ್ಲ. ಅದನ್ನ ಯಾರಿಗಾದ್ರೂ ಹೇಳಿದ್ಯಾ?"

ದೂರದ ದೇಶದ ಬೆಕ್ಕು ಒಂದು ಸಲ ಮಿಯಾಂವ್ ಅಂದಿತು.

"ಹೇಳ್ದೆ," ಅಂದಳು ಆಚೆಯವಳು. "ಅಂಗಡಿ ಮುಂದೆ ಕ್ಯೂ ಇತ್ತು. ಆಚೆ ನನ್ನ ಗೆಳತಿಗೆ ಬಿಸಿಲು ಬಂದಿದೆಯಂತೆ, ಶೀಟು ಒಣಹಾಕಿದಾಳಂತೆ ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳ್ದೆ. ಇಲ್ಲಿ ನಿಮ್ಮನ್ನ ರಾಕ್ಷಸರು ಅಂತಾರೆ ಕಣೇ. ಅವರೂ ಬಿಸಿಲಿಗೆ ಕಾಯ್ತಾರೆ, ಅವರೂ ಬಟ್ಟೆ ಒಣಗಿಸ್ತಾರೆ ಅಂತ ಇವರಿಗೆ ಗೊತ್ತಾಗಲಿ ಅಂತ ಹೇಳ್ದೆ. ಅದಕ್ಕೇ ಅಲ್ವಾ ನಾವು ಇದಕ್ಕೆ ಸೇರಿದ್ದು?"

"ಕ್ಯೂನಲ್ಲಿ ಯಾರಿದ್ರು?"

"ಎಲ್ಲರೂ ಇದ್ರು. ಯೂನಿಫಾರ್ಮಿನವರೂ ಬ್ರೆಡ್ ತಿಂತಾರಲ್ಲೇ. ಯಾಕೆ ಕೇಳ್ತಿದೀಯ? ಏನಾಯ್ತು?"

ಅಕ್ಕ ಉತ್ತರ ಕೊಡುವ ಮೊದಲೇ ಹಿಂದಿನ ಬಾಗಿಲಿಂದ ದನಿ ಬಂತು.

"ಕಾಲು ಹೋಯ್ತು."

ತಂಗಿ ನಿಂತಿದ್ದಳು. ಕಂಕುಳಲ್ಲಿ ಗಂಡನ ಬೆಡ್‌ಶೀಟಿನ ಗಂಟು. ಆಸ್ಪತ್ರೆಯ ಶೀಟು ಸಾಲದೆ ಮನೆಯದನ್ನೇ ಹಾಸಿದ್ದಳು. ದಿನಾ ಹೀಗೆ ತಂದು ಅಕ್ಕನ ಹತ್ತಿರ ಒಗೆಸಿಕೊಂಡು ಹೋಗುತ್ತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಏನೋ. ಮುಖ ನೋಡಿದರೆ ಮೊದಲಿಂದಲೂ ನಿಂತವಳ ಮುಖ.

"ಯಾರದು?" ಅಂತು ಫೋನು.

"ನಿನ್ನ ಗೆಳತಿಯ ತಂಗಿ. ಕಾಲು ಹೋದವನ ಹೆಂಡತಿ." ಮಾತು ಫೋನಿಗೆ, ಕಣ್ಣು ಅಕ್ಕನ ಮೇಲೆ. "ನೀವಿಬ್ಬರೂ ಸೇರಿ ಬಿಸಿಲಿನ ಸುದ್ದಿ ಹಂಚಿದ್ರಲ್ಲ, ಅವತ್ತೇ."

ಆಚೆಯವಳು ತಪ್ಪಾಯ್ತು ಅನ್ನಬಹುದು, ನನ್ನಿಂದಲ್ಲ ಅನ್ನಬಹುದು ಅಂತ ಅಕ್ಕ ಕಾದಳು. ಆಚೆಯವಳು ಎರಡೂ ಅನ್ನಲಿಲ್ಲ.

"ತುಂಬಾ ನೋವಾ ಅವರಿಗೆ?" ಅಂತ ಕೇಳಿದಳು.

ತಂಗಿ ನಕ್ಕಳು. ನಗೆಯಂಥಾ ಏನೋ ಒಂದು. "ನೋವಿಗೆ ಇಂಜೆಕ್ಷನ್ ಇದೆ. ತುರಿಕೆ. ಇಲ್ಲದ ಪಾದ ತುರಿಸ್ತದೆ ಅಂತ ಮಗು ಹಾಗೆ ಅಳ್ತಾರೆ. ಅದಕ್ಕೆ ಔಷಧಿ ಇಲ್ಲ ಅಂದು ಆಸ್ಪತ್ರೆ ಡಾಕ್ಟ್ರು ಹೋದ್ರು. ಸಾಕಾ? ಇದನ್ನೂ ಹೋಗಿ ಕ್ಯೂನಲ್ಲಿ ಹೇಳು."

"ನಮ್ಮಣ್ಣನಿಗೂ ಹಾಗೇ ಆಗ್ತಿತ್ತು," ಅಂದಳು ಆಚೆಯವಳು ಮೆಲ್ಲಗೆ. "ಹಳೇ ಯುದ್ಧದಲ್ಲಿ ಹೋದದ್ದು, ಅವನದು. ನೋಡಮ್ಮ, ಪಾದ ಇದ್ದಿದ್ರೆ ಹಾಸಿಗೆ ಮೇಲೆ ಎಲ್ಲಿರ್ತಿತ್ತು ಅಂತ ಅವರನ್ನೇ ಕೇಳು. ಅವರು ತೋರಿಸಿದ ಜಾಗದಲ್ಲಿ ಕೆರಿ. ಬರೀ ಶೀಟನ್ನೇ ಕೆರಿ. ಅವರು ನೋಡ್ತಿರಬೇಕು, ಕಣ್ಣು ಮುಚ್ಚಿದ್ರೆ ಆಗಲ್ಲ. ನಮ್ಮಮ್ಮ ಹಾಗೇ ಮಾಡ್ತಿದ್ಲು. ಹುಚ್ಚು ಅನ್ನಿಸುತ್ತೆ. ಆದ್ರೂ ಕೆರಿ."

ತಂಗಿ ಕಂಕುಳಿಂದ ಜಾರುತ್ತಿದ್ದ ಗಂಟನ್ನು ಮತ್ತೆ ಮೇಲೆ ಸೆಳೆದುಕೊಂಡಳು. ಅದನ್ನು ತೆಗೆದುಕೊಳ್ಳಲು ಅಕ್ಕ ಅಭ್ಯಾಸಬಲದಿಂದ ಕೈಚಾಚಿದ್ದಳು. ಚಾಚಿದ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬೇಡ," ಅಂದಳು ತಂಗಿ. "ಇನ್ಮೇಲೆ ಇವರದ್ದು ನಾನೇ ಒಗೀತೀನಿ."

"ನಿನಗೆ ಅಲ್ಲಿ ನೀರೆಲ್ಲೇ?"

"ಹುಡುಕ್ಕೊಳ್ತೀನಿ. ಮನೆ ಕಡೆಗೂ ಬರಬೇಡ ಅಕ್ಕ. ಬಂದ್ರೆ ನಾನು ಏನಂತೀನೋ ನನಗೇ ಗೊತ್ತಿಲ್ಲ."

ಹಿಂದಿನ ಬಾಗಿಲು ತೆರೆದೇ ಉಳಿಯಿತು. ಫೋನಿನಲ್ಲಿ ಆಚೆಯವಳು, "ಹೋದ್ಲಾ? ನಾಳೆ ಎತ್ತುತ್ತೀಯಾ? ಏನಾದ್ರೂ ಹೇಳೇ," ಅನ್ನುತ್ತಿದ್ದಳು. ಅಕ್ಕ ತೊಟ್ಟಿಯ ಅಂಚು ಹಿಡಿದು ನಿಂತಿದ್ದಳು. ಬಹಳ ಹೊತ್ತು ಯಾರ ಮಾತೂ ಕೇಳದೆ ಹೋದಾಗ ಗಂಟಣ್ಣ ತಾನೇ ಬಾಯಿ ಹಾಕಿದ. "ಬೈ?" ಅಂದ. ಅದು ಅವನ ಎಂದಿನ ಬೈ ಆಗಿರಲಿಲ್ಲ, ಕೇಳುತ್ತಿದ್ದ.

ಸಂಜೆಗೆ ಮುಂಚೆ ಅಕ್ಕ ಒಣಗಿದಷ್ಟನ್ನು ಮಡಿಸಿ, ತಳ್ಳುಗಾಡಿಗೆ ಹೇರಿ ಆಸ್ಪತ್ರೆಗೆ ಹೊರಟಳು. ಮನೆಗೆ ಬರಬೇಡ ಅಂದಿದ್ದಳು ತಂಗಿ, ಆಸ್ಪತ್ರೆಗೆ ಬರಬೇಡ ಅಂದಿರಲಿಲ್ಲ. ಅಂದಿದ್ದರೂ ಶೀಟು ಯಾರು ಮುಟ್ಟಿಸಬೇಕು? ವಾರ್ಡಿನ ಉದ್ದಕ್ಕೂ ಮಂಚಗಳು. ಒಂದೊಂದರ ಕಾಲ ಬಳಿಯೂ ಒಂದೊಂದು ಮಡಿಕೆ ಇಡುತ್ತಾ ಬಂದವಳು ಕೊನೆಯ ಸಾಲಿನ ಹತ್ತಿರ ಗಾಡಿ ನಿಲ್ಲಿಸಿದಳು.

ತಂಗಿ ಮಂಚದ ತುದಿಯಲ್ಲಿ ಕೂತಿದ್ದಳು. ಒಗೆಯದ ಆ ಹಳೇ ಶೀಟನ್ನೇ ಮತ್ತೆ ಹಾಸಿದ್ದಳು, ಕಲೆ ಕಾಣುತ್ತಿತ್ತು. ಅವಳ ಗಂಡ ಮೊಣಕೈ ಊರಿ ಅರ್ಧ ಎದ್ದು, ತನ್ನ ಎಡಗಾಲು ಮುಗಿದ ಜಾಗದಿಂದಾಚೆ ಕಣ್ಣಿಟ್ಟು ನೋಡುತ್ತಿದ್ದ.

"ಇನ್ನೂ ಸ್ವಲ್ಪ ಈ ಕಡೆ," ಅನ್ನುತ್ತಿದ್ದ. "ಹಿಮ್ಮಡಿ ಹತ್ರ. ಹಾಂ. ಅಲ್ಲೇ."

ತಂಗಿ ತಲೆಯೆತ್ತಿ ಅಕ್ಕನನ್ನು ನೋಡಿದಳು. ಬೆರಳು ಮಾತ್ರ ನಿಲ್ಲಲಿಲ್ಲ. ಬರಿಯ ಬಟ್ಟೆಯ ಮೇಲೆ ಉಗುರು ಆಡುತ್ತಲೇ ಇತ್ತು, ಕರಕರ ಅಂತ.