ಚೀಟಿ ಇಲ್ಲದ ಉಸಿರು

ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ‘ಕಿವಿ’ ಎಂದು. ಹಾಜರಿ ಪುಸ್ತಕದಲ್ಲಿ ಬೇರೊಂದು ಹೆಸರಿತ್ತು. ಅದು ಕೂಗಿಸಿಕೊಳ್ಳುತ್ತಿದ್ದುದು ಹೆಚ್ಚಾಗಿ ಅವಳು ಇಲ್ಲದ ದಿನಗಳಲ್ಲೇ. ಯಾವುದೋ ಓಣಿಯ ಮಹಡಿಯ ಮೇಲೆ, ಬಾಗಿಲು ಮುಚ್ಚಿದ ಯಾವುದೋ ಗೋದಾಮಿನೊಳಗೆ, ನಾಲ್ಕು ಜನ ಗಿಟಾರು ಡ್ರಮ್ಮು ಹೊಂದಿಸಿಕೊಂಡು ತಮ್ಮದೇ ಹಾಡು ಹಾಡುತ್ತಾರೆ ಎಂಬ ಸುದ್ದಿ ಊರಿಗೆಲ್ಲ ಮುಟ್ಟುವ ಮೊದಲೇ ಇವಳಿಗೆ ಮುಟ್ಟಿರುತ್ತಿತ್ತು. ಎರಡು ಬಸ್ಸು ಬದಲಾಯಿಸಿ, ಪರೀಕ್ಷೆಯ ಹಿಂದಿನ ದಿನವಾದರೂ ಸರಿ, ಹೋಗಿ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದಳು. ಕೇಳಲು ಹನ್ನೆರಡೇ ಜನ ಬಂದಿದ್ದರೆ ಅವಳಿಗೆ ಎಲ್ಲಿಲ್ಲದ ಖುಷಿ. ಇನ್ನೂರು ಜನ ಬರತೊಡಗಿದರೆ ಮೂಗು ಮುರಿದು, “ಅವರಾ? ಈಗ ಎಲ್ಲರೂ ಕೇಳ್ತಾರೆ ಬಿಡು” ಎಂದು ಆ ತಂಡವನ್ನು ಕೈಬಿಡುತ್ತಿದ್ದಳು.

ಅವಳ ಅಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಆಯಾ. ಪಾಳಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ ಒಂದು ಸಂಜೆ ಮಗಳು, ಇವತ್ತೊಂದು ಹೊಸ ತಂಡ ಕಂಡುಹಿಡಿದೆ ಎಂದು ಕುಣಿದಾಗ, ಅಮ್ಮ ಕಾಲು ಒತ್ತಿಕೊಳ್ಳುತ್ತಲೇ ಕೇಳಿದಳು: “ಕಂಡುಹಿಡಿಯೋಕೆ ಅವರೇನು ಕಳೆದುಹೋಗಿದ್ರಾ?”

ಮಗಳು ನಕ್ಕುಬಿಟ್ಟಳು. ಆಮೇಲೆ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಾಯಿತು. ಆದರೆ ಅದು ಆಮೇಲಿನ ಸಂಗತಿ.

ಅವಳ ಬಳಿ ಒಂದು ದಪ್ಪ ನೋಟ್‌ಬುಕ್ಕಿತ್ತು. ಪ್ರತಿ ಪುಟಕ್ಕೂ ಸ್ಕೇಲಿಟ್ಟು ಎಳೆದ ನಾಲ್ಕು ಕಾಲಂ. ಮೊದಲಿನದರಲ್ಲಿ ತಾರೀಖು, ಎರಡನೆಯದರಲ್ಲಿ ಜಾಗ, ಮೂರನೆಯದರಲ್ಲಿ ತಂಡದ ಹೆಸರು. ನಾಲ್ಕನೆಯದರ ತಲೆಯ ಮೇಲೆ ಬರೆದಿದ್ದಳು: ‘ಬೇರೆ ಯಾರೂ ಗಮನಿಸದ್ದು’. ಗಿಟಾರಿನವನು ತಂತಿ ಬಿಗಿಮಾಡುವಾಗ ನಾಲಿಗೆ ಕಚ್ಚುತ್ತಾನೆ, ಹಾಡುವವಳ ಚಪ್ಪಲಿಗೆ ಪಿನ್ನು ಹಾಕಿದೆ, ಇಂಥವು. ಹಾಡನ್ನು ಯಾರು ಬೇಕಾದರೂ ಕೇಳಬಹುದು, ನಾಲ್ಕನೆಯ ಕಾಲಂ ತುಂಬಲು ಪ್ರೀತಿ ಬೇಕು ಎಂಬುದು ಅವಳ ನಂಬಿಕೆ. ಹೊಸ ಹಾಡುಗಳ ಬಗ್ಗೆಯೇ ಇದ್ದ ಒಂದು ಜಾಲಪತ್ರಿಕೆಗೆ ಅವಳು ಬರೆಯುತ್ತಿದ್ದ ಪುಟ್ಟ ಬರಹಗಳೆಲ್ಲ ಆ ಕಾಲಂನಿಂದಲೇ ಹುಟ್ಟುತ್ತಿದ್ದವು.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಅವಳು ಸೈಕಲ್ ಅಂಗಡಿಯ ಅಟ್ಟ ಹತ್ತಿದಳು. ಕೆಳಗೆ ಅಂಗಡಿಯವನು ಟ್ಯೂಬು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತ ಕೂತಿದ್ದ. ಏಣಿಯ ಬುಡದಲ್ಲಿ ಖಾಲಿಯಾದ ಬಣ್ಣದ ಡಬ್ಬವೊಂದಿತ್ತು.

“ಫೋನು ಇದರಲ್ಲಿ ಹಾಕಿ ಹತ್ತು” ಎಂದ ಅವನು, ತಲೆಯೆತ್ತದೆ. “ಒಳಗೆ ಹಾಡೋರಿಗೆ ಹೊಟ್ಟೆಪಾಡಿದೆ.”

ಅಟ್ಟದ ಮೇಲೆ ಹದಿನೈದು ಜನ, ಹರಿದ ಸೀಟುಗಳ ರಾಶಿ, ಮೂರು ಮಂದಿಯ ತಂಡ. ಊರಿನ ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಯನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಕಳಿಸುವ ದೊಡ್ಡ ಲಾಂಡ್ರಿಯ ಕೆಲಸಗಾರರು ಅವರು. ಹಾಡುವವಳು ಹಬೆ ಇಸ್ತ್ರಿಯ ಸಾಲಿನವಳು, ಎಲ್ಲರೂ ಅಕ್ಕ ಎನ್ನುತ್ತಿದ್ದರು. ಡ್ರಮ್ಮಿನವನ ಎಡಗೈಯ ಎರಡು ಬೆರಳನ್ನು ನೀರು ಹಿಂಡುವ ಯಂತ್ರ ತಿಂದಿತ್ತು. ಅವನು ತನ್ನನ್ನು ತಾನೇ ‘ಎಂಟುಬೆರಳ’ ಎಂದು ಕರೆದುಕೊಂಡು ಬೇರೆಯವರ ಬಾಯಿಗೆ ಮೊದಲೇ ಬೀಗ ಹಾಕಿದ್ದ. ಗಿಟಾರಿನವಳು ತಿಂಗಳ ಹಿಂದಷ್ಟೇ ಆ ಕೆಲಸ ಬಿಟ್ಟವಳು, ಅವಳಿಗೆ ಭಯವಿರಲಿಲ್ಲ. ತಂಡಕ್ಕೆ ಕಾಯಂ ಹೆಸರೂ ಇರಲಿಲ್ಲ. ಪ್ರತಿ ಭಾನುವಾರ ಕೇಳಲು ಬಂದವರೇ ಒಂದು ಹೆಸರಿಡಬೇಕು. ಹಿಂದಿನ ವಾರ ‘ಒದ್ದೆ ಕಾಲು’ ಆಗಿದ್ದವರು ಈ ವಾರ ‘ಬಟನ್ ಕಳಕೊಂಡೋರು’. ಅಕ್ಕ ಶುರುಮಾಡುವ ಮೊದಲು ಎಲ್ಲರನ್ನೂ ಒಮ್ಮೆ ನೋಡಿ ಹೇಳಿದಳು: “ಕೇಳಿ, ಕುಣೀರಿ, ಮರೆತುಬಿಡಿ. ನಾವು ಯಾರು ಅಂತ ಗೊತ್ತಾದ್ರೆ ಸೋಮವಾರ ನಮಗೆ ಗೇಟ್ ತೆರೆಯಲ್ಲ.”

ಆಮೇಲೆ ಹಾಡಿದಳು. ಲಾಂಡ್ರಿಯಲ್ಲಿ ಯಂತ್ರದ ಮುಂದಿನಿಂದ ಕದಲಬೇಕಾದರೆ ಮೇಸ್ತ್ರಿಯಿಂದ ಚೀಟಿ ಬರೆಸಿಕೊಳ್ಳಬೇಕಿತ್ತಂತೆ. ಆ ಚೀಟಿಯದೇ ಹಾಡು.

ನೀರು ಕುಡಿಯೋಕೆ ಚೀಟಿ ಕೊಡಿ ಸಾಹೇಬ್ರೇ,
ಉಚ್ಚೆ ಹುಯ್ಯೋಕೆ ಚೀಟಿ ಕೊಡಿ,
ಉಸಿರಾಡ್ತಾ ಇದ್ದೀನಿ ಚೀಟಿ ಇಲ್ದೆ,
ಹಿಡ್ಕೊಳ್ಳಿ ಸಾಹೇಬ್ರೇ, ಹಿಡ್ಕೊಳ್ಳಿ.

ಕಿವಿಯ ಮೈ ಜುಮ್ಮೆಂದಿತು. ಅರವತ್ತು ಚಿಲ್ಲರೆ ತಂಡ ಕೇಳಿದ್ದವಳು ಅವಳು. ದುಃಖವನ್ನು ಅಂಗಿಯ ಹಾಗೆ ತೊಟ್ಟು ಬರುವವರನ್ನು ಬೇಕಾದಷ್ಟು ಕಂಡಿದ್ದಳು. ಇವರು ತೊಟ್ಟಿದ್ದು ಕೆಲಸದ ಅಂಗಿಯನ್ನೇ. ಐದು ಭಾನುವಾರ ಬಿಡದೆ ಹೋದಳು. ಡಬ್ಬಕ್ಕೆ ಫೋನು ಹಾಕಿಯೇ ಹತ್ತಿದಳು, ಒಂದು ಸಲವೂ ಮೋಸ ಮಾಡಲಿಲ್ಲ. ಅವರ ಹನ್ನೆರಡು ಹಾಡೂ ಅವಳಿಗೆ ಬಾಯಿಪಾಠವಾದವು. ಐದನೆಯ ವಾರ ಅಕ್ಕ ಅವಳ ತಲೆ ಸವರಿ, “ನಾನು ಮರೆತ ಸಾಲು ನಿನ್ನ ತುಟಿ ನೋಡಿ ಹಾಡ್ತೀನಿ ಕಣೇ” ಎಂದಳು. ಇಂಥ ಮಾತು ಕೇಳಿದ ಮೇಲೆ ಯಾರ ತಲೆ ತಿರುಗದು?

ಆ ರಾತ್ರಿಯೇ ಬರೆಯಲು ಕೂತಳು. ಎಚ್ಚರ ತಪ್ಪಲಿಲ್ಲ. ಲಾಂಡ್ರಿಯ ಹೆಸರಿಲ್ಲ, ಓಣಿಯ ಹೆಸರಿಲ್ಲ, ಹಾಡುವವರ ಹೆಸರಂತೂ ಇಲ್ಲವೇ ಇಲ್ಲ. ಕಣ್ಣಲ್ಲಿ ಕಣ್ಣಿಟ್ಟು ಮೂರು ಸಲ ಓದಿ, ಯಾರಿಗೂ ಗುರುತು ಸಿಗದೆಂದು ಖಾತ್ರಿ ಮಾಡಿಕೊಂಡು ಕಳಿಸಿದಳು. ಹೆಸರಿನ ಜಾಗದಲ್ಲಿ ಅವಳು ಇಟ್ಟದ್ದು ತನ್ನ ನಾಲ್ಕನೆಯ ಕಾಲಂ: ‘ಡ್ರಮ್ ಬಾರಿಸುವವನ ಎಡಗೈಗೆ ಮೂರೇ ಬೆರಳು. ಕೋಲನ್ನು ಹಳೆ ಬಟ್ಟೆಯಿಂದ ಮಣಿಕಟ್ಟಿಗೆ ಬಿಗಿದುಕೊಳ್ಳುತ್ತಾನೆ. ಅದಕ್ಕೇ ಅವನ ಎಡಗೈ ಪೆಟ್ಟು ಕೂದಲೆಳೆಯಷ್ಟು ತಡ. ಯಾವ ಸಂಗೀತಶಾಲೆಯೂ ಆ ತಡವನ್ನು ಕಲಿಸಲಾರದು. ಹಾಡುವವಳ ಬಲ ಮುಂಗೈಯಲ್ಲಿ ಹಬೆ ಸುಟ್ಟ ಕಲೆ, ಮಡಚಿಟ್ಟ ದಿಂಬಿನ ಚೀಲದ ಆಕಾರ. ದನಿ ಏರಿಸುವ ಮುನ್ನ ಎರಡು ಸಲ ಕೆಮ್ಮುತ್ತಾಳೆ, ಆ ಕೆಮ್ಮನ್ನೂ ತಾಳಕ್ಕೆ ಸೇರಿಸಿಕೊಳ್ಳುತ್ತಾಳೆ.’ ಕೆಳಗೆ ಚೀಟಿ ಹಾಡಿನ ನಾಲ್ಕು ಸಾಲು.

ಬರಹ ಕಾಳ್ಗಿಚ್ಚಿನಂತೆ ಹಬ್ಬಿತು. ಪೊಲೀಸಿನವರು ತಲೆಮರೆಸಿಕೊಂಡವರ ಚಹರೆ ಬರೆಯುವಾಗಲೂ ಇಷ್ಟು ಶ್ರದ್ಧೆ ತೋರಿಸುವುದಿಲ್ಲ ಎಂಬುದು ಹೊಗಳಿದ ಸಾವಿರಾರು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆದದ್ದು ಲಾಂಡ್ರಿಯ ಆಡಳಿತ ಕಚೇರಿಗೆ. ಅವರಿಗೆ ತಮ್ಮ ಯಂತ್ರ ಯಾರ ಬೆರಳು ತಿಂದಿದೆ, ಯಾರ ಕೈ ಸುಟ್ಟಿದೆ ಎಂಬ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಪರಿಹಾರ ಕೇಳಿದಾಗ ಕಾಣೆಯಾಗಿದ್ದ ಆ ಕಡತ ಈಗ ಅರ್ಧ ಗಂಟೆಯಲ್ಲಿ ಸಿಕ್ಕಿತು.

ಮುಂದಿನ ಭಾನುವಾರ ಅಟ್ಟದ ಬಾಗಿಲಿಗೆ ಬೀಗ. ಸೈಕಲ್ ಅಂಗಡಿಯವನು ಕೈ ಒರೆಸಿಕೊಂಡು, ಎಂಟುಬೆರಳ ಬಿಟ್ಟುಹೋಗಿದ್ದ ಕಾಗದವೊಂದನ್ನು ಅವಳ ಮುಂದೆ ಹಿಡಿದ. “ಓದು. ನಿಂದೇ ಬರಹ, ಕಷ್ಟ ಆಗಲ್ಲ.”

ಸಂಸ್ಥೆಯ ಮಾನ ಕಳೆಯುವ ಹಾಡು ಕಟ್ಟಿ ಸಾರ್ವಜನಿಕವಾಗಿ ಹಾಡಿದ ಆರೋಪ, ಅಕ್ಕ, ಎಂಟುಬೆರಳ ಇಬ್ಬರನ್ನೂ ಕೆಲಸದಿಂದ ಏಕೆ ತೆಗೆಯಬಾರದು ಎಂಬ ಪ್ರಶ್ನೆ, ಗುರುವಾರ ವಿಚಾರಣೆ. ಲಗತ್ತಿಸಿದ್ದ ಸಾಕ್ಷ್ಯ ಒಂದೇ: ಅವಳ ಬರಹ. ಅವಳು ಪ್ರೀತಿಯಿಂದ ಬರೆದ ಸಾಲುಗಳ ಕೆಳಗೆಲ್ಲ ಯಾರೋ ಕೆಂಪು ಗೆರೆ ಎಳೆದಿದ್ದರು.

ಹೆಸರು ಹಾಕಿರಲಿಲ್ಲವಲ್ಲ ಎಂದು ತೊದಲಿದಳು. ಅಂಗಡಿಯವನು ಅವಳನ್ನು ಬೈಯಲಿಲ್ಲ. ಡಬ್ಬದ ದಯೆಯಿಂದ ಧ್ವನಿಮುದ್ರಣ ಒಂದೂ ಇಲ್ಲ, ಕಂಡೆ ಎಂದು ಹೇಳುವವಳು ಅವಳೊಬ್ಬಳೇ ಎಂದು ಬಿಡಿಸಿ ಹೇಳಿದ. ಗಿಟಾರಿನವಳು ಊರು ಬಿಟ್ಟಾಗಿತ್ತು. ಅಟ್ಟಕ್ಕೆ ಬರುತ್ತಿದ್ದವರು ಬಾಯಿ ಬಿಡುವವರಲ್ಲ. ಕೊನೆಗೆ ಪಂಪನ್ನು ಚಕ್ರಕ್ಕೆ ಸಿಕ್ಕಿಸುತ್ತ ಅಂದ: “ನೀನು ಹಾಕಿದ ಗಂಟು. ನೀನೇ ಬಿಚ್ಚು.”

ಪತ್ರಿಕೆಯ ಮೂಲಕ ಅವಳಿಗೂ ಸಾಕ್ಷಿ ಹೇಳಲು ಕರೆ ಬಂದಿತ್ತು. ಸಂಪಾದಕರು, ಹೋಗಿ ಬಾ, ಅದನ್ನೂ ಬರೆದುಕೊಡು, ಜನ ಮುಗಿಬಿದ್ದು ಓದುತ್ತಾರೆ ಎಂದರು.

ಗುರುವಾರ ಮೂರು ಗಂಟೆ. ಲಾಂಡ್ರಿಯ ಕಚೇರಿಯ ಕಿಟಕಿಯಿಂದಾಚೆ ಹಬೆ ಬುಸುಗುಟ್ಟುತ್ತಿತ್ತು. ವಿಚಾರಣೆ ಎಂದರೆ ಇಷ್ಟೇ: ದೂರು ಕೊಟ್ಟವರೇ ಸಂಬಳ ಕೊಟ್ಟು ಕೂರಿಸಿದ ಒಬ್ಬ ವಕೀಲರು ಮೇಜಿನ ಹಿಂದೆ, ಅವರಿಗೆ ಫ್ಯಾನು. ಎದುರಿನ ಬೆಂಚಿನ ಮೇಲೆ ಅಕ್ಕ ಮತ್ತು ಎಂಟುಬೆರಳ, ಅವರಿಗೆ ಗೋಡೆ. ಆ ಗಂಟೆಯಲ್ಲಿ ಯಂತ್ರದ ಮುಂದಿನಿಂದ ಕದಲಲು ಅವರು ಚೀಟಿ ಬರೆಸಿಕೊಂಡೇ ಬಂದಿದ್ದರು. ಅದು ಅಕ್ಕನ ಬೆರಳುಗಳ ನಡುವೆ ಮುದುಡಿಕೊಂಡಿತ್ತು.

ವಕೀಲರು ಮೃದುವಾಗಿ ಕೇಳಿದರು. ಇದು ಕಣ್ಣಾರೆ ಕಂಡದ್ದೇ? ಅವಳು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದದ್ದನ್ನು ಒಪ್ಪಿಸಿದಳು. ಇಲ್ಲ, ಎಲ್ಲ ಕಟ್ಟುಕಥೆ. ಅಂಥ ತಂಡವೇ ಇಲ್ಲ. ಈ ಇಬ್ಬರನ್ನು ಬಸ್ಸಿನಲ್ಲಿ ನೋಡಿದ್ದೆ, ಕೈಗಳು ಮನಸ್ಸಿನಲ್ಲಿ ಉಳಿದವು, ಬರಹಕ್ಕೆ ಹಾಕಿಕೊಂಡೆ.

“ಹಾಡು?” ಎಂದರು ವಕೀಲರು. “ಅದೂ ಬಸ್ಸಲ್ಲೇ ಸಿಕ್ಕಿತಾ?”

ಇದಕ್ಕೆ ಅವಳು ಉತ್ತರ ಕಟ್ಟಿಕೊಂಡು ಬಂದಿರಲಿಲ್ಲ. ಅಕ್ಕನ ಕಡೆ ನೋಡಬಾರದೆಂದರೂ ಕಣ್ಣು ಹರಿಯಿತು.

“ನಾನೇ ಬರೆದಿದ್ದು” ಎಂದಳು.

ಹಾಗಾದರೆ ಪೂರ್ತಿ ಹಾಡು ಬರೆದು ತೋರಿಸಮ್ಮ, ಪತ್ರಿಕೆಯಲ್ಲಿ ನಾಲ್ಕೇ ಸಾಲು ಇದೆ ಎಂದು ಅವರು ಬಿಳಿ ಹಾಳೆ ತಳ್ಳಿದರು. ಅವಳು ಬರೆದಳು. ಒಂದಕ್ಷರ ತಪ್ಪಲಿಲ್ಲ. ಐದು ಭಾನುವಾರ ಎದೆಯಲ್ಲಿ ಇಟ್ಟುಕೊಂಡ ಸಾಲುಗಳು ಸರಸರನೆ ಹಾಳೆಗೆ ಇಳಿದವು. ಮೂರನೆಯ ಚರಣಕ್ಕೆ ಬರುವಷ್ಟರಲ್ಲಿ ಬೆಂಚಿನ ಮೇಲೆ ಅಕ್ಕನ ತುಟಿಗಳು ಪೆನ್ನಿನ ಜೊತೆಜೊತೆಗೆ ತಮಗರಿವಿಲ್ಲದೆ ಆಡತೊಡಗಿದವು. ಎಂಟುಬೆರಳ ಮೆಲ್ಲಗೆ ಅವಳ ಪಾದ ತುಳಿದ. ತುಟಿಗಳು ನಿಂತವು. ಪೆನ್ನು ಮುಂದುವರಿಯಿತು.

ವಕೀಲರಿಗೆ ಹಾಡು ಇಷ್ಟವಾಯಿತು. ಅವರೇನು ದಡ್ಡರಲ್ಲ, ಆ ತುಟಿಗಳನ್ನು ಅವರೂ ಕಂಡಿದ್ದಿರಬೇಕು. ಆದರೆ ಆಡಳಿತಕ್ಕೆ ಬೇಕಾಗಿದ್ದದ್ದು ಸತ್ಯವಲ್ಲ, ಮೌನ. ಇಸ್ತ್ರಿ ಸಾಲಿನಲ್ಲಿ ಪಳಗಿದ ಕೈ ಸುಲಭಕ್ಕೆ ಸಿಗುವುದಿಲ್ಲ. ಕೈ ಇರಲಿ, ಬಾಯಿ ಹೋಗಲಿ. ಹೊಸದಾಗಿ ಎರಡು ಕಾಗದ ತಯಾರಾದವು. ಒಂದರಲ್ಲಿ ವಿದ್ಯಾರ್ಥಿನಿಯ ಹೇಳಿಕೆ: ಈ ಹಾಡು ನನ್ನ ಸ್ವಂತ ಕಲ್ಪನೆ. ಇನ್ನೊಂದರಲ್ಲಿ ಇಬ್ಬರು ಕೆಲಸಗಾರರ ಮುಚ್ಚಳಿಕೆ: ಈ ಹಾಡಿಗೂ ನಮಗೂ ಸಂಬಂಧವಿಲ್ಲ, ಇದನ್ನಾಗಲಿ ಇಂಥದ್ದನ್ನಾಗಲಿ ಎಲ್ಲೇ ಹಾಡಿದ್ದು ಕಂಡುಬಂದರೆ ಮರುಮಾತಿಲ್ಲದೆ ಕೆಲಸ ಬಿಡುತ್ತೇವೆ. ಮೂವರೂ ಸಹಿ ಹಾಕಿದರು. ಎಂಟುಬೆರಳ ಎಡಗೈಯಲ್ಲೇ ಹಾಕಿದ. ಅವನು ಎಡಚನೆಂದು ಅವಳಿಗೆ ಆಗಲೇ ತಿಳಿದದ್ದು. ನಾಲ್ಕನೆಯ ಕಾಲಂನಲ್ಲಿ ಅದು ಇರಲಿಲ್ಲ.

ಪಾಳಿ ಬಿಡುವವರೆಗೂ ಅವಳು ಗೇಟಿನ ಹೊರಗೆ ಕಾದಳು. ಎದೆಯ ಮೂಲೆಯಲ್ಲಿ, ನಾಚಿಕೆಗೇಡಿನ ಒಂದು ಆಸೆ: ಅಕ್ಕ ಬಂದು ಬೆನ್ನು ತಟ್ಟಬಹುದು. ಅಕ್ಕ ಬಂದಳು. ಎರಡು ಸಲ ಕೆಮ್ಮಿದಳು, ಈ ಸಲ ತಾಳವಿರಲಿಲ್ಲ.

“ನಿನ್ನನ್ನ ಬೈಯೋಕೂ ಆಗಲ್ಲ ನೋಡು” ಎಂದಳು. “ಕೆಲಸ ಹೋಗಿದ್ರೆ ಬಾಯಿ ತುಂಬ ಬೈಬೋದಿತ್ತು. ಬೈದು ಬೇರೆ ಹಾಡು ಕಟ್ಬೋದಿತ್ತು.”

“ಅಕ್ಕಾ, ನಿಮ್ಮ ಕೆಲಸ ಉಳೀಲಿ ಅಂತ...”

“ಉಳೀತು. ನನಗೆ ಮೂರು ಮಕ್ಕಳು. ಅದಕ್ಕೇ ಸಹಿ ಹಾಕಿದ್ದು.” ಅವಳು ಸುಟ್ಟ ಕೈಯ ಮೇಲೆ ಅಂಗಿಯ ತೋಳು ಇಳಿಸಿಕೊಂಡಳು. “ಎಷ್ಟು ಚೆನ್ನಾಗಿ ಬರೆದೆ ಕಣೇ. ನಾನು ಕೆಲವು ಸಲ ಸಾಲು ತಪ್ಪಿಸ್ತಿದ್ದೆ. ನೀನು ತಪ್ಪಿಸಲಿಲ್ಲ.”

ಆ ವಾರದಿಂದ ಅಟ್ಟದ ಮೇಲೆ ಹಳೆ ಟೈರುಗಳಿವೆ. ಅಮ್ಮ ಆಸ್ಪತ್ರೆಯಿಂದ ಒಂದು ಸುದ್ದಿ ತಂದಳು. ಲಾಂಡ್ರಿಯಿಂದ ಹಾಸು ಇಳಿಸಲು ಬರುವ ಹೆಂಗಸರು ಮೊದಲೆಲ್ಲ ಏನಾದರೂ ಗುನುಗುತ್ತಿದ್ದರಂತೆ, ಈಗ ತುಟಿ ಹೊಲಿದುಕೊಂಡವರ ಹಾಗೆ ಮೂಟೆ ಹಾಕಿ ಹೋಗುತ್ತಾರಂತೆ. ಮಗಳು ತಟ್ಟೆಯಲ್ಲಿ ಕೈಯಾಡಿಸುತ್ತ ಕೂತಿದ್ದಳು.

ಇತ್ತ ಅವಳ ಹೇಳಿಕೆ ಹೇಗೋ ಹೊರಬಿದ್ದು, ಸಂಪಾದಕರು ಕುಣಿದಾಡಿದರು. ವಿಮರ್ಶಕಿ ಅಂದುಕೊಂಡಿದ್ದೆವು, ಕವಿ ಎಂದು ಗೊತ್ತಿರಲಿಲ್ಲ ಎಂದು ಮುಖಪುಟದಲ್ಲೇ ಹಾಕಿದರು. ಅಚ್ಚುಕಟ್ಟಾದ ಗಿಟಾರು, ಅಚ್ಚುಕಟ್ಟಾದ ಗಡ್ಡದ ತಂಡವೊಂದು ಬಂದು ಹಾಡಿಗೆ ಅನುಮತಿ ಕೇಳಿತು. ಇದು ನನ್ನದಲ್ಲ ಎಂದರೆ ಅಕ್ಕನ ಮುಂದೆ ಗೇಟು ಮುಚ್ಚುತ್ತದೆ. ಕೊಡುವುದಿಲ್ಲ ಎಂದರೆ ಏಕೆ ಎನ್ನುತ್ತಾರೆ. ಆ ಏಕೆಯ ಬಾಲ ಹಿಡಿದು ಯಾರು ಎಲ್ಲಿಗೆ ಹೋಗುತ್ತಾರೋ. ಅವಳು ಒಪ್ಪಿ ತಲೆಯಾಡಿಸಿದಳು.

ಕಾಲೇಜಿನ ಸಭಾಂಗಣ, ಮಧ್ಯಾಹ್ನ, ಎಂಟುನೂರು ಜನ. ಬಾಗಿಲಲ್ಲಿ ಯಾವ ಡಬ್ಬವೂ ಇರಲಿಲ್ಲ; ಎಲ್ಲರ ಕೈಯಲ್ಲೂ ಫೋನು, ಎಲ್ಲವೂ ಮೇಲಕ್ಕೆ. ‘ಉಚ್ಚೆ ಹುಯ್ಯೋಕೆ’ ಎಂಬುದು ಕೇಳಲು ಒರಟಾಯಿತೆಂದು ತಂಡದವರು ‘ನಗೋಕೆ’ ಎಂದು ತಿದ್ದಿದ್ದರು. ನಗೋಕೆ ಚೀಟಿ ಕೊಡಿ ಸಾಹೇಬ್ರೇ, ಎಂದು ಎಂಟುನೂರು ಜನ ತೂಗಾಡಿ ಹಾಡಿದರು. ಡ್ರಮ್ಮಿನವನ ಹತ್ತು ಬೆರಳೂ ನೆಟ್ಟಗಿದ್ದವು. ಒಂದು ಪೆಟ್ಟೂ ತಡವಾಗಲಿಲ್ಲ.

ಹಾಡು ಮುಗಿದ ಮೇಲೆ ಅವಳನ್ನು ವೇದಿಕೆಗೆ ಎಳೆದುಕೊಂಡು ಹೋದರು. ಗಡ್ಡದವನು ಭುಜದ ಮೇಲೆ ಕೈಯಿಟ್ಟು, ಮೈಕು ಅವಳ ಬಾಯಿಯ ಹತ್ತಿರ ತಂದು ಕೇಳಿದ: “ಇನ್ನೂ ಎಷ್ಟು ಹಾಡು ಬಚ್ಚಿಟ್ಟಿದ್ದೀರಿ ಹೇಳಿ, ಮೇಡಂ.”

ಹನ್ನೊಂದು. ಒಂದೊಂದೂ ನಾಲಿಗೆಯ ತುದಿಯಲ್ಲಿತ್ತು, ಅಕ್ಕ ತಪ್ಪಿಸುತ್ತಿದ್ದ ಸಾಲುಗಳ ಸಮೇತ. ಕೆಳಗಿನ ಎಂಟುನೂರು ಫೋನುಗಳು ಅವಳ ತುಟಿ ಅಲ್ಲಾಡುವುದನ್ನೇ ಕಾಯುತ್ತಿದ್ದವು. ಕಂಡುಹಿಡಿಯೋಕೆ ಅವರೇನು ಕಳೆದುಹೋಗಿದ್ರಾ ಎಂದು ಅಮ್ಮ ಕೇಳಿದ್ದಳು. ಆಗ ಕಳೆದುಹೋಗಿರಲಿಲ್ಲ.

“ಒಂದೇ” ಎಂದಳು ಕಿವಿ. “ನನ್ನ ಹತ್ರ ಇದ್ದಿದ್ದು ಅದೊಂದೇ.”

ಎಂಥ ವಿನಯ ಎಂದು ಸಭೆ ಚಪ್ಪಾಳೆ ತಟ್ಟಿತು.