ಬೆಟ್ಟದ ಮೇಲೊಂದು ಸೀಟಿ

ನಾನು ಒಂದು ಪ್ರೆಶರ್ ಕುಕ್ಕರ್. ಬೊಂಬಾಯಿಯ ಕಾರ್ಖಾನೆಯಲ್ಲಿ ಹುಟ್ಟಿದವನು. ಸಿಟ್ಟು ನನ್ನ ಹುಟ್ಟುಗುಣ. ಅದನ್ನು ಒಳಗೇ ಹಿಡಿದಿಟ್ಟುಕೊಳ್ಳುವುದು ನನ್ನ ಕಸುಬು.

ಹುಬ್ಬಳ್ಳಿಯ ಶಾಂತವ್ವ ನನ್ನನ್ನು ಹಳೇ ಸೀರೆಯಲ್ಲಿ ಸುತ್ತಿ ಇಥಿಯೋಪಿಯಾದ ಹಡಗು ಹತ್ತಿಸಿದಳು. ಅವಳ ಗಂಡ ಗುರುಪಾದಪ್ಪನವರಿಗೆ ಅಲ್ಲಿ ಭೂಗೋಳದ ಮಾಸ್ತರಿಕೆ ಸಿಕ್ಕಿತ್ತು. ಮೊದಲು ಇದ್ದದ್ದು ಆವಾಶ್ ನದಿಯ ಕೆಳನಾಡಿನಲ್ಲಿ. ಮುಳ್ಳುಕಂಟಿ, ಒಂಟೆ, ಮೈ ಸುಡುವ ಗಾಳಿ. ಅಲ್ಲಿ ಬೇಳೆ ಸಾದಾ ಪಾತ್ರೆಯಲ್ಲೇ ಬೇಯುತ್ತಿತ್ತು, ನನ್ನನ್ನು ಕೇಳುವವರೇ ಇಲ್ಲ. ಈರುಳ್ಳಿ ತುಂಬಿಕೊಂಡು ಮೂಲೆಯಲ್ಲಿ ಕೂತಿದ್ದೆ. ಎಂಥ ಅವಮಾನ!

ಆಮೇಲೆ ಉತ್ತರದ ಸಿಮಿಯೆನ್ ಬೆಟ್ಟಗಳಿಗೆ ವರ್ಗವಾಯಿತು. ನನ್ನನ್ನು ಬಸ್ಸಿನ ಮೇಲೆ ಕಟ್ಟಿದ್ದರಿಂದ ದೇಶವೆಲ್ಲ ಕಂಡಿತು. ಭೂಮಿ ಬಿರಿದು ಆದ ಕಣಿವೆ ಬಿಟ್ಟು ಕಡಿದಾದ ದಿಬ್ಬ ಹತ್ತಿದೆವು. ಮೇಲೆ ಹಸಿರು ಬಯಲು. ನೀಲಿ ನೈಲ್ ಕೊರೆದ ಕಂದರಕ್ಕೆ ಇಳಿದರೆ ಮತ್ತೆ ಸೆಕೆ, ಹತ್ತಿದರೆ ಮತ್ತೆ ಚಳಿ. ತಾನಾ ಸರೋವರವೂ ಹಿಂದಾಯಿತು. ಕೊನೆಗೆ ಪ್ರಪಾತದ ಅಂಚಿನಲ್ಲಿ ಒಂದು ಊರು. ಮೋಡಗಳು ಅದರ ಕೆಳಗಿದ್ದವು.

ಅಲ್ಲಿ ನಮ್ಮ ಮನೆಯ ಒಡತಿ ತ್ಸೆಹಾಯ್. ಅವಳ ತಾಯಿ ಬೆಕೆಲೆಚ್, ಹಲ್ಲಿಲ್ಲದ ಮುದುಕಿ, ಗಂಡ ಸತ್ತ ಮೇಲೆ ಕೆಳನಾಡಿನಿಂದ ಮಗಳ ಹತ್ತಿರ ಬಂದಿದ್ದಳು. ಅವರ ಚರ್ಚಿನ ಉಪವಾಸದ ಕಾಲ, ಹಾಲು ಮಾಂಸ ಮುಟ್ಟುವಂತಿಲ್ಲ. ಮುದುಕಿಗೆ ಮೆತ್ತಗೆ ಬೆಂದ ಇಡೀ ಕಡಲೆಯ ಆಸೆ. ಬೆಳಿಗ್ಗೆ ಒಲೆಗಿಟ್ಟ ಕಡಲೆ ಸಂಜೆಗೂ ಗಟ್ಟಿ.

"ಈ ಬೆಟ್ಟದ ಬೆಂಕಿಗೆ ಜೀವವೇ ಇಲ್ಲ. ನಾಳೆ ನಾನು ಕೆಳಗೆ ಹೋಗ್ತೀನಿ," ಎಂದು ಮುದುಕಿ ಗಂಟು ಕಟ್ಟಿದಳು. ಕೆಳಗೆ ಅವಳಿಗೆ ಯಾರೂ ಉಳಿದಿರಲಿಲ್ಲ. ತ್ಸೆಹಾಯ್ ಅತ್ತೇಬಿಟ್ಟಳು.

"ಎತ್ತರದಾಗ ಗಾಳಿ ತೆಳ್ಳಗಿರ್ತದ. ನೀರು ಲಗೂನ ಕುದೀತದ, ಆದ್ರ ಕಾವು ಸಾಲೂದಿಲ್ಲ," ಎಂದರು ಮಾಸ್ತರು.

"ಪಾಠ ಸಾಲ್ಯಾಗ ಹೇಳ್ರಿ. ಮೊದ್ಲ ಕುಕ್ಕರ್‌ನ್ಯಾಗಿನ ಉಳ್ಳಾಗಡ್ಡಿ ತಗೀರಿ!" ಎಂದಳು ಶಾಂತವ್ವ.

ನೆನೆಸಿದ ಕಡಲೆ ಹಾಕಿ ಮುಚ್ಚಳ ಬಿಗಿದಳು. ಅಷ್ಟು ದಿನದ ಸಿಟ್ಟೆಲ್ಲ ಸೇರಿಸಿ ಕೂಗಿದೆ ನೋಡಿ! ತ್ಸೆಹಾಯ್, ನೆರೆಯವರು, ಕೋಳಿಗಳು, ಎಲ್ಲರೂ ಹೊರಗೆ ಓಟ. ಬೆಕೆಲೆಚ್ ಮಾತ್ರ ಕದಲಲಿಲ್ಲ.

"ನಾನೂ ಓಡಿದರೆ ಕಡಲೆ ತಿನ್ನೋರು ಯಾರು?"

ಮುಚ್ಚಳ ತೆಗೆದಾಗ ಕಡಲೆ ಬೆಣ್ಣೆಯಾಗಿತ್ತು. ಒಸಡಿನಲ್ಲೇ ಅರೆದು ತಿಂದಳು, ಇನ್ನೊಂದು ಬಟ್ಟಲು ಕೇಳಿದಳು. ಆಮೇಲೆ ಗಂಟು ಬಿಚ್ಚಿ, ಕಂಬಳಿ ತೆಗೆದು, ಒಲೆಯ ಪಕ್ಕ ಹಾಸಿಕೊಂಡಳು. ನನಗೆ ಹೆಮ್ಮೆಯಿಂದ ಮೈ ತಣ್ಣಗಾಗಲೇ ಇಲ್ಲ.

ಊರಿಗೆ ಮರಳುವಾಗ ಶಾಂತವ್ವ ನನ್ನನ್ನು ಮುದುಕಿಯ ಮಡಿಲಿಗೆ ಹಾಕಿಹೋದಳು. ಈಗ ನನ್ನ ರಬ್ಬರ್ ಸವೆದಿದೆ, ತ್ಸೆಹಾಯ್‌ಳ ಅಡುಗೆಮನೆಯ ಕಿಟಕಿಯಲ್ಲಿ ಸುಮ್ಮನೆ ಕೂತಿದ್ದೇನೆ. ಎದುರಿಗೆ ಪ್ರಪಾತ, ಈಚೆ ಬದಿಗೆ ಚರ್ಚು. ಅದರ ಅಂಗಳದಲ್ಲಿ ಬೆಕೆಲೆಚ್ ಮಣ್ಣಾಗಿದ್ದಾಳೆ. ತುಂಬ ವರ್ಷ ಬದುಕಿದಳು. ಒಂದು ದಿನವೂ ಬೆಟ್ಟ ಇಳಿಯುವ ಮಾತೆತ್ತಲಿಲ್ಲ.